ಆಕ್ಷೇಪಣೆಗೆ ಹೆಸರು ಹಾಕುವ ಮುನ್ನ: ಮೆಟ್ರೊಪಾಲಿಟನ್ ಲೈನಿನ ಹಳ್ಳಿಗಳ ಕನ್ನಡಿಗರಿಗೊಂದು ಬಹಿರಂಗ ಪತ್ರ

ಲಂಡನ್ನಿನ ಹೊರಗೆ, ಮೆಟ್ರೊಪಾಲಿಟನ್ ಲೈನ್ ಎಂಬ ರೈಲುಮಾರ್ಗದ ಉದ್ದಕ್ಕೂ ಇರುವ ರಿಕ್‌ಮನ್ಸ್‌ವರ್ತ್, ಚೋರ್ಲಿವುಡ್, ಲಿಟಲ್ ಚಾಲ್ಫಂಟ್, ಆಮರ್ಶಮ್, ಚೆಶಮ್ ಕಡೆಯ ಕನ್ನಡ ಬಂಧುಗಳಿಗೆ ನಮಸ್ಕಾರ.

ಹೋದ ವಾರ ನಮ್ಮ ವಾಟ್ಸಾಪ್ ಗುಂಪಿಗೆ ಒಂದು ಪತ್ರದ ನಮೂನೆ ಬಂತು. ಸ್ಟೇಷನ್ನಿನ ಆಚೆ, ಈಗ ಕುದುರೆ ಮೇಯುತ್ತಿರುವ ಹೊಲದಲ್ಲಿ ಮನೆಗಳನ್ನು ಕಟ್ಟಲು ಬಿಲ್ಡರೊಬ್ಬರು ಇಲ್ಲಿನ ಸ್ಥಳೀಯ ಆಡಳಿತವಾದ ಕೌನ್ಸಿಲ್‌ಗೆ ಅರ್ಜಿ ಹಾಕಿದ್ದಾರಲ್ಲ, ಅದಕ್ಕೆ ಆಕ್ಷೇಪಣೆ. ಹೆಸರು, ವಿಳಾಸ ತುಂಬಿ ಕಳಿಸಿದರೆ ಕೆಲಸ ಮುಗಿಯಿತು. ಸಂಜೆಯೊಳಗೆ ಸಾಲುಸಾಲಾಗಿ 'ಡನ್', 'ಡನ್' ಎಂದು ಉತ್ತರಗಳು. ಯುಗಾದಿ ಊಟಕ್ಕೆ ಯಾರು ಏನು ತರುತ್ತೀರಿ ಎಂದು ಕೇಳಿದರೆ ವಾರಗಟ್ಟಲೆ ಸೊಲ್ಲೆತ್ತದ ಗುಂಪು ಇದು!

ನಾನು ಕಳಿಸಿಲ್ಲ. ಯಾಕೆ ಎಂದು ಫೋನ್ ಮಾಡಿ ಕೇಳಿದವರಿದ್ದಾರೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಗುಂಪಿನಲ್ಲಿ ಬರೆದರೆ ಅಲ್ಲಿ ಜಗಳವಾಗುತ್ತದೆ. ಹಾಗಾಗಿ ಎಲ್ಲರೆದುರು ಬರೆಯುತ್ತಿದ್ದೇನೆ. ಇಲ್ಲಿ ಮನೆ ಕೊಂಡು ನೆಲೆಯೂರಿದವರಿಗಷ್ಟೇ ಅಲ್ಲ, ಹ್ಯಾರೋ, ವೆಂಬ್ಲಿಗಳಲ್ಲಿ ಬಾಡಿಗೆಗಿದ್ದು ಶನಿವಾರ ಬಂತೆಂದರೆ ಮನೆ ನೋಡಲು ಈ ಕಡೆ ರೈಲು ಹತ್ತುವವರಿಗೂ ಈ ಪತ್ರ.

ಮೊದಲು, ನಾವು ಇಲ್ಲಿಗೆ ಬಂದದ್ದು ಯಾಕೆ ಎಂಬುದರಲ್ಲಿ ಮುಚ್ಚುಮರೆ ಬೇಡ. ಬೀಚ್ ಮರದ ಕಾಡು, ಚಿಲ್ಟರ್ನ್ ಗುಡ್ಡಗಳ ಇಳಿಜಾರು, ಬ್ಲೂಬೆಲ್ ಹೂವಿನ ಹಾಸು, ಇವೆಲ್ಲ ಊರಿಗೆ ಕಳಿಸುವ ಫೋಟೋಗಳಿಗೆ. ಬಹುಪಾಲು ಜನರನ್ನು ಎಳೆದು ತಂದದ್ದು ಶಾಲೆ. ಬಕಿಂಗ್‌ಹ್ಯಾಮ್‌ಶೈರ್ ಇವತ್ತಿಗೂ ಗ್ರಾಮರ್ ಸ್ಕೂಲ್, ಅಂದರೆ ಪರೀಕ್ಷೆಯಲ್ಲಿ ಗೆದ್ದ ಮಕ್ಕಳನ್ನಷ್ಟೇ ಸೇರಿಸಿಕೊಳ್ಳುವ ಸರ್ಕಾರಿ ಶಾಲೆ, ಎಂಬ ಪದ್ಧತಿಯನ್ನು ಬಿಡದ ಕೌಂಟಿ; ಅಂಥ ಶಾಲೆಗಳು 13 ಇವೆ. ಆಮರ್ಶಮ್‌ನಲ್ಲಿರುವ ಹುಡುಗರ ಡಾಕ್ಟರ್ ಚಾಲೋನರ್ಸ್ ಶಾಲೆ 1624ರಲ್ಲಿ ಶುರುವಾದದ್ದು, ಅದೇ ಹೆಸರಿನ ಹುಡುಗಿಯರ ಶಾಲೆ ಲಿಟಲ್ ಚಾಲ್ಫಂಟ್‌ನಲ್ಲಿದೆ. ಮಗು ಪ್ರಾಥಮಿಕ ಶಾಲೆಯ ಕೊನೆಯ ವರ್ಷವಾದ ಆರನೇ ಇಯರ್‌ಗೆ ಕಾಲಿಟ್ಟ ಸೆಪ್ಟೆಂಬರ್‌ನಲ್ಲೇ ಪರೀಕ್ಷೆ. 121 ಅಂಕ ಬಂದರೆ ಅರ್ಹತೆ. ಅಷ್ಟಾದ ಮೇಲೂ ಮನೆ ಕ್ಯಾಚ್‌ಮೆಂಟಿನ (ಶಾಲೆ ಮೊದಲ ಆದ್ಯತೆ ಕೊಡುವ ಪ್ರದೇಶ) ಒಳಗಿದೆಯೋ ಹೊರಗಿದೆಯೋ ಎಂಬ ಲೆಕ್ಕ. ಎಸ್‌ಎಸ್‌ಎಲ್‌ಸಿ ರ್‍ಯಾಂಕು, ಸಿಇಟಿ ಸೀಟುಗಳ ಮಡಿಲಲ್ಲಿ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಚೋರ್ಲಿವುಡ್, ರಿಕ್‌ಮನ್ಸ್‌ವರ್ತ್‌ನವರಿಗೆ ಮಾತ್ರ ಈ ಲೆಕ್ಕ ಬೇರೆ, ಅವು ಹರ್ಟ್‌ಫರ್ಡ್‌ಶೈರ್‌ಗೆ ಸೇರಿದವು.

ಶಾಲೆ ಬಿಟ್ಟರೆ ರೈಲು. ಲಿಟಲ್ ಚಾಲ್ಫಂಟ್‌ನ ಚಾಲ್ಫಂಟ್ ಅಂಡ್ ಲ್ಯಾಟಿಮರ್ ಸ್ಟೇಷನ್ನಿನಿಂದ ಲಂಡನ್ನಿನ ಮ್ಯಾರಿಲ್‌ಬೋನ್‌ಗೆ ಅರ್ಧ ಗಂಟೆ ಚಿಲ್ಲರೆ. ಲಂಡನ್ನಿನ ಹೊರಗಿದ್ದರೂ ಲಂಡನ್ ಸಾರಿಗೆಯ ಆಯ್‌ಸ್ಟರ್ ಕಾರ್ಡ್ ನಡೆಯುತ್ತದೆ: ಪ್ರಯಾಣ ದರದ ಲೆಕ್ಕದಲ್ಲಿ ಚೋರ್ಲಿವುಡ್ ಏಳನೇ ವಲಯ, ಚಾಲ್ಫಂಟ್ ಎಂಟು, ಆಮರ್ಶಮ್ ಒಂಬತ್ತು. ಮೂರನೆಯದು ಮರ. ಮರಗಳಿಗಾಗಿ ಲಕ್ಷಗಟ್ಟಲೆ ಪೌಂಡ್ ಹೆಚ್ಚು ಕೊಟ್ಟು ಬಂದವರು ಅಕ್ಟೋಬರ್ ಕೊನೆಯಲ್ಲಿ ಪ್ಲಾಟ್‌ಫಾರ್ಮಿನಲ್ಲಿ ನಿಂತು ಅದೇ ಎಲೆಗಳಿಗೆ ಶಾಪ ಹಾಕುವುದನ್ನು ನೋಡಬೇಕು. ಉದುರಿದ ಎಲೆ ಹಳಿಯ ಮೇಲೆ ಅರೆದು ಜಾರುವ ಲೇಪವಾಗುತ್ತದೆ, ರೈಲು ನಿಧಾನವಾಗುತ್ತದೆ. ಮನೆಯ ಹಿತ್ತಲಿನ ಮರವೂ ಪೂರ್ತಿ ನಮ್ಮದಲ್ಲ. ಸಂರಕ್ಷಿತ ಪ್ರದೇಶದೊಳಗೆ, ಎದೆಮಟ್ಟದಲ್ಲಿ ಕಾಂಡದ ಅಡ್ಡಳತೆ 7.5 ಸೆಂಟಿಮೀಟರ್ ಮೀರಿದ ಮರವನ್ನು ಮುಟ್ಟಬೇಕಾದರೆ ಆರು ವಾರ ಮೊದಲೇ ಕೌನ್ಸಿಲ್‌ಗೆ ತಿಳಿಸಬೇಕು.

ಇನ್ನು ದುಡ್ಡಿನ ಮಾತು. ಆಕ್ಷೇಪಣೆಯ ಬೇರು ಇಲ್ಲೇ ಇದೆ ಎಂದು ನನ್ನ ಗುಮಾನಿ.

ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವಾಗ ಮಾಲೀಕರು 'ಆಗಲಿ' ಎಂದ ಮಾತಿಗೆ ಕಾನೂನಿನ ಬೆಲೆಯಿಲ್ಲ. ಅಡ್ವಾನ್ಸು, ಅಗ್ರಿಮೆಂಟು ಎಂದು ಮೊದಲ ದಿನವೇ ಕೈ ಕಟ್ಟಿಹಾಕುವ ನಮ್ಮೂರ ಕ್ರಮ ಇಲ್ಲಿಲ್ಲ. ಸರ್ವೆ (ಮನೆಯ ತಪಾಸಣೆ), ಸರ್ಚ್ (ದಾಖಲೆಗಳ ಶೋಧ), ಮಾರ್ಟ್‌ಗೇಜ್, ಸಾಲಿಸಿಟರ್ (ವಕೀಲರು) ಎಂದು ತಿಂಗಳುಗಳು ಕಳೆದು, ಕೊನೆಗೆ ಸಹಿಯಾದ ಕರಾರುಗಳ ವಿನಿಮಯ, ಅಂದರೆ ಕಾಂಟ್ರ್ಯಾಕ್ಟ್ ಎಕ್ಸ್‌ಚೇಂಜ್ ಆಗಿ ಶೇಕಡಾ 10 ಠೇವಣಿ ಕೊಡುವವರೆಗೂ ಇಬ್ಬರಲ್ಲಿ ಯಾರು ಬೇಕಾದರೂ ಎದ್ದು ಹೋಗಬಹುದು. ಹೆಚ್ಚು ಕೊಡುತ್ತೇನೆ ಎಂದು ಇನ್ನೊಬ್ಬರು ಬಂದರೆ ಅಷ್ಟೇ, ಸರ್ವೆಗೆ ಕೊಟ್ಟ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಮೇಲಾಗಿ ಚೈನ್: ನಮಗೆ ಮಾರುವವರು ಇನ್ನೊಂದನ್ನು ಕೊಳ್ಳುತ್ತಿರುತ್ತಾರೆ, ಅದನ್ನು ಮಾರುವವರು ಮತ್ತೊಂದನ್ನು. ಎಲ್ಲೋ ಡೆವನ್‌ನಲ್ಲಿ ಯಾರೋ ಮನಸ್ಸು ಬದಲಿಸಿದರೆ ಇಲ್ಲಿ ನಮ್ಮ ಪೆಟ್ಟಿಗೆಗಳು ಕಟ್ಟಿದಂತೆಯೇ ಕೂರುತ್ತವೆ. ಹಳೆ ಹಳ್ಳಿಗಳಲ್ಲಿ ಇನ್ನೊಂದು ತಮಾಷೆಯಿದೆ. ಕೆಲವು ಜಮೀನುಗಳ ಮೇಲೆ ಊರ ಚರ್ಚಿನ ಒಂದು ಭಾಗದ ರಿಪೇರಿ ಖರ್ಚು ಹೊರುವ ಮಧ್ಯಯುಗದ ಋಣ ಅಂಟಿಕೊಂಡು ಬಂದಿದೆ. 2013ರ ಅಕ್ಟೋಬರ್‌ನಿಂದ ಅದರ ಹಲ್ಲು ಬಹಳ ಮಟ್ಟಿಗೆ ಕಿತ್ತಿದ್ದಾರೆ. ಆದರೂ ಸಾಲಿಸಿಟರ್ ಅದಕ್ಕೊಂದು ಸರ್ಚ್, ಒಂದು ಇನ್ಶೂರೆನ್ಸ್ ಎಂದು ಬಿಲ್ಲಿಗೆ ಸೇರಿಸುವುದು ನಿಂತಿಲ್ಲ. ಇನಾಂ ಜಮೀನಿನ ತಕರಾರು ಕಂಡವರಿಗೆ ಇದು ಹೊಸತೆನಿಸದು.

ಇನ್ನೂ ಕೊಳ್ಳದವರು ಸ್ಟ್ಯಾಂಪ್ ಡ್ಯೂಟಿಯ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. 2025ರ ಏಪ್ರಿಲ್‌ನಿಂದ ದರ ಹೀಗಿದೆ: ಮೊದಲ 1,25,000 ಪೌಂಡಿಗೆ ಏನೂ ಇಲ್ಲ, ಅಲ್ಲಿಂದ 2,50,000ದವರೆಗೆ ಶೇಕಡಾ 2, ಅಲ್ಲಿಂದ 9,25,000ದವರೆಗೆ ಶೇಕಡಾ 5, ಅದರಾಚೆಗೆ ಇನ್ನೂ ಹೆಚ್ಚು. ಜೀವನದಲ್ಲಿ ಮೊದಲ ಸಲ ಕೊಳ್ಳುವವರಿಗೆ 3,00,000ದವರೆಗೆ ಮಾಫಿ, ಅಲ್ಲಿಂದ 5,00,000ದವರೆಗೆ ಶೇಕಡಾ 5. ಮನೆಯ ಬೆಲೆ ಐದು ಲಕ್ಷ ದಾಟಿದರೆ ರಿಯಾಯಿತಿಯೇ ಇಲ್ಲ. ಇನ್ನೊಂದು ಮನೆ ಇದ್ದವರಿಗೆ ಇಡೀ ಬೆಲೆಯ ಮೇಲೆ ಶೇಕಡಾ 5 ಹೆಚ್ಚುವರಿ. 2024ರ ಅಕ್ಟೋಬರ್ 31ಕ್ಕೆ ಮುಂಚೆ ಅದು 3 ಇತ್ತು.

ಆ 'ಇನ್ನೊಂದು ಮನೆ' ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ಲೆಕ್ಕಕ್ಕೆ ಬರುತ್ತದೆ. ಅಪ್ಪ ತೀರಿಕೊಂಡ ಮೇಲೆ ಅಣ್ಣ, ತಂಗಿಯರ ಜೊತೆ ಜಂಟಿ ಖಾತೆಯಾದ ಮೈಸೂರಿನ ಮನೆಯಲ್ಲಿ ನಿಮ್ಮ ಪಾಲಿನ ಬೆಲೆ 40,000 ಪೌಂಡ್ ಅಥವಾ ಹೆಚ್ಚಾದರೆ ನೀವು ಇಲ್ಲಿ ಎರಡನೇ ಮನೆ ಕೊಳ್ಳುವ ಧನಿಕರು. ಇವತ್ತಿನ ಮೈಸೂರಿನಲ್ಲಿ ಒಳ್ಳೆ ಬಡಾವಣೆಯ ಮನೆಯ ಮೂರನೇ ಒಂದು ಪಾಲು ಅಷ್ಟಾಗುವುದು ಕಷ್ಟವೇನಲ್ಲ. ಪಾಲು ಹೆಂಡತಿಯದಿದ್ದರೂ ಗಂಡನದಿದ್ದರೂ ದಂಪತಿಯನ್ನು ಒಂದೇ ಘಟಕವಾಗಿ ಎಣಿಸುತ್ತಾರೆ. ಪಿತ್ರಾರ್ಜಿತವಾಗಿ ಬಂದು ಮೂರು ವರ್ಷ ಮೀರಿರದ, ಅರ್ಧಕ್ಕಿಂತ ಹೆಚ್ಚಲ್ಲದ ಪಾಲಿಗೆ ಹೆಚ್ಚುವರಿಯಿಂದ ವಿನಾಯಿತಿ ಇದೆ. ಆದರೆ 'ಮೊದಲ ಸಲ ಕೊಳ್ಳುವವರು' ಎಂಬ ರಿಯಾಯಿತಿ ಆ ಪಾಲಿನಿಂದಲೇ ಕೈತಪ್ಪುತ್ತದೆ. ಖಾಲಿ ಸೈಟು, ತೋಟ, ಗದ್ದೆ ಇದರಲ್ಲಿ ಬರುವುದಿಲ್ಲ. ಕಟ್ಟಿದ ಮನೆ ಮಾತ್ರ. ಐದು ಲಕ್ಷ ಪೌಂಡಿನ ಒಂದು ಪುಟ್ಟ ಮನೆಗೆ ಲೆಕ್ಕ ಹಾಕಿ: ಏನೂ ಇಲ್ಲದ ಇಂಗ್ಲಿಷ್ ಹುಡುಗ ಕಟ್ಟುವುದು 10,000, ಮೈಸೂರಿನ ಪಾಲುದಾರ ಕಟ್ಟುವುದು 40,000. ಮನೆ ಕೈಗೆ ಬಂದ 14 ದಿನದೊಳಗೆ ಲೆಕ್ಕ ಒಪ್ಪಿಸಿ ದುಡ್ಡು ಕಟ್ಟಬೇಕು. ಆಫರ್ ಕೊಡುವ ಮೊದಲೇ, ಊರಿನ ಕಾಗದಪತ್ರಗಳೊಂದಿಗೆ, ಸಾಲಿಸಿಟರ್ ಮುಂದೆ ಈ ವಿಷಯ ತೆಗೆಯಿರಿ. ಅವರಾಗಿ ಕೇಳುವ ಹೊತ್ತಿಗೆ ತಡವಾಗಿರುತ್ತದೆ.

ಇಷ್ಟೆಲ್ಲ ತೆತ್ತು ಬಂದವರಿಗೆ ಪಕ್ಕದ ಹೊಲದಲ್ಲಿ ಮನೆ ಎದ್ದರೆ ತಮ್ಮ ಮನೆಯ ಬೆಲೆ ಇಳಿದೀತು ಎಂಬ ಭಯ ಹುಟ್ಟುವುದು ಸಹಜ. ನನಗೂ ಇದೆ. ಲ್ಯಾಂಡ್ ರಿಜಿಸ್ಟ್ರಿಯವರು 1995ರಿಂದೀಚೆಗೆ ಯಾವ ಮನೆ ಎಷ್ಟಕ್ಕೆ ಮಾರಾಟವಾಯಿತು ಎಂಬುದನ್ನು ಬಯಲಲ್ಲೇ ಇಟ್ಟಿರುವುದರಿಂದ ಬೀದಿಯ ಪ್ರತಿ ಮನೆಯ ಬೆಲೆ ನಮಗೆಲ್ಲ ಬಾಯಿಪಾಠ. (ಗೈಡೆನ್ಸ್ ವ್ಯಾಲ್ಯೂ ಒಂದು, ನಿಜವಾದ ಬೆಲೆ ಇನ್ನೊಂದು ಎಂಬ ದ್ವೈತದಲ್ಲಿ ಬೆಳೆದವರಿಗೆ ಇದು ಮೊದಮೊದಲು ಕಣ್ಣು ಕುಕ್ಕುತ್ತದೆ.) ಆದರೆ ಆಸ್ತಿಯ ಬೆಲೆ ಇಳಿಯುತ್ತದೆ, ಕಿಟಕಿಯ ನೋಟ ಹೋಗುತ್ತದೆ ಎಂಬ ಎರಡು ಕಾರಣಗಳನ್ನು ಪ್ಲಾನಿಂಗ್ ಅಧಿಕಾರಿ ಪರಿಗಣಿಸುವಂತೆಯೇ ಇಲ್ಲ. ನಮೂನೆ ಪತ್ರದ ಮೊದಲ ಪುಟ ಪೂರ್ತಿ ಅವೇ ಎರಡು. ಅಂದರೆ ನಮ್ಮವರು ಓದದೆ ಕಳಿಸಿದ ಪತ್ರದ ಅರ್ಧ ಭಾಗವನ್ನು ಅಧಿಕಾರಿಯೂ ಓದದೆ ಬದಿಗಿಡುತ್ತಾರೆ.

ಎರಡನೇ ಪುಟದ ಒಂದು ವಾಕ್ಯ ಮಾತ್ರ ನನ್ನನ್ನು ಬಿಡಲಿಲ್ಲ. ಹಳ್ಳಿಯ ಜೊತೆ ಯಾವ ನಂಟೂ ಇಲ್ಲದ ಹೊರಗಿನವರು ಬಂದು ತುಂಬಿಕೊಂಡು ಇಲ್ಲಿನ ಸ್ವರೂಪವೇ ಬದಲಾಗುತ್ತದೆ ಎಂದಿದೆ. ಕೆಳಗೆ ದಾವಣಗೆರೆ, ಪುತ್ತೂರು, ಧಾರವಾಡಗಳಿಂದ ಬಂದ ನಮ್ಮ ಹೆಸರುಗಳು.

ಆ ಸ್ವರೂಪ ಎಂಬುದು ಎಷ್ಟು ಹಳೆಯದು, ನೋಡಿ. ಮೆಟ್ರೊಪಾಲಿಟನ್ ರೈಲ್ವೆ ಕಂಪನಿ 1889ರಲ್ಲಿ ರಿಕ್‌ಮನ್ಸ್‌ವರ್ತ್‌ನಿಂದ ಚೆಶಮ್‌ವರೆಗೆ ಹಳಿ ಎಳೆಯಿತು. ಚೋರ್ಲಿವುಡ್ ಸ್ಟೇಷನ್ನೂ, ಆಗ ಚಾಲ್ಫಂಟ್ ರೋಡ್ ಎನ್ನಿಸಿಕೊಂಡಿದ್ದ ನಮ್ಮ ಲಿಟಲ್ ಚಾಲ್ಫಂಟ್ ಸ್ಟೇಷನ್ನೂ ಆ ವರ್ಷದವು. ಆಮರ್ಶಮ್ ತಲುಪಿದ್ದು 1892ರಲ್ಲಿ. ಬೇರೆ ರೈಲ್ವೆಗಳು ಹಳಿಗೆ ಬಳಸಿ ಮಿಕ್ಕ ಜಮೀನನ್ನು ಮಾರಿಬಿಡಬೇಕಿತ್ತು. ಈ ಕಂಪನಿಗೆ ಮಾತ್ರ ಅದನ್ನು ಇಟ್ಟುಕೊಳ್ಳುವ ವಿಶೇಷ ಅಧಿಕಾರವಿತ್ತು, ಅದನ್ನು ಚೆನ್ನಾಗಿಯೇ ಬಳಸಿಕೊಂಡಿತು. 1915ರಲ್ಲಿ 'ಮೆಟ್ರೊಲ್ಯಾಂಡ್' ಎಂಬ ಹೆಸರು ಕಟ್ಟಿತು. ಅದೇ ಹೆಸರಿನ ಕೈಪಿಡಿಯಲ್ಲಿ ಗುಡ್ಡ, ಕಾಡು, ಹೂವಿನ ಚಿತ್ರಗಳ ಜೊತೆ ಮನೆಗಳ ಜಾಹೀರಾತು. ವರ್ಷವರ್ಷವೂ ಬರುತ್ತಿದ್ದ ಆ ಕೈಪಿಡಿ 1932ರವರೆಗೆ ನಡೆಯಿತು. 1919ರಲ್ಲಿ ಮನೆ ಕಟ್ಟಿಸಿ ಮಾರುವುದಕ್ಕೆಂದೇ ಮೆಟ್ರೊಪಾಲಿಟನ್ ರೈಲ್ವೆ ಕಂಟ್ರಿ ಎಸ್ಟೇಟ್ಸ್ ಎಂಬ ಸಂಸ್ಥೆ ಹುಟ್ಟಿತು; ರಿಕ್‌ಮನ್ಸ್‌ವರ್ತ್, ಚೋರ್ಲಿವುಡ್ ನಡುವಿನ ಸೀಡರ್ಸ್ ಎಸ್ಟೇಟ್ ಅದರದ್ದೇ. ಲಂಡನ್ನಿನ ಹೊಗೆ ಬಿಟ್ಟು ಬನ್ನಿ, ಮನೆ ಕೊಳ್ಳಿ, ನಮ್ಮ ರೈಲಿನಲ್ಲೇ ಕೆಲಸಕ್ಕೆ ಹೋಗಿ ಎಂಬ ವ್ಯಾಪಾರ. ಲಿಟಲ್ ಚಾಲ್ಫಂಟ್ ಎಂಬ ಊರು ಊರಾದದ್ದು ಸ್ಟೇಷನ್ನಿನ ಸುತ್ತ. ನಾವು ಕಪ್ಪುಬಿಳುಪು ಮರದ ಪಟ್ಟಿ ಹೊಡೆದ ಗೋಡೆಗಳನ್ನು ನೋಡಿ ಹದಿನಾರನೇ ಶತಮಾನದ ಒಂದನೇ ಎಲಿಜಬೆತ್ ರಾಣಿಯ ಕಾಲದವೇನೋ ಎಂದು ಮರುಳಾದ ಮನೆಗಳಲ್ಲಿ ಎಷ್ಟೋ 1920, 30ರ ದಶಕದ ಬಿಲ್ಡರುಗಳು ಹೊಲದಲ್ಲಿ ಎಬ್ಬಿಸಿದವು.

ಅವತ್ತೂ ಬೇಡ ಎಂದವರಿದ್ದರು. ಹೀಗೆ ಹಳ್ಳಿಗಾಡನ್ನೆಲ್ಲ ಮನೆಗಳು ನುಂಗುತ್ತಿರುವುದನ್ನು ಕಂಡು 1926ರಲ್ಲಿ ಗ್ರಾಮೀಣ ಇಂಗ್ಲೆಂಡ್ ಸಂರಕ್ಷಣಾ ಮಂಡಳಿ ಹುಟ್ಟಿತು. ಮುಂಚೂಣಿಯಲ್ಲಿದ್ದವರು ನಗರ ಯೋಜಕ ಪ್ಯಾಟ್ರಿಕ್ ಅಬರ್‌ಕ್ರಾಂಬಿ. ಆ ಮಂಡಳಿಯವರ ಕಣ್ಣಿಗೆ ಪಿಡುಗಾಗಿ ಕಂಡದ್ದು ನಾವೀಗ 'ಕ್ಯಾರೆಕ್ಟರ್ ಪ್ರಾಪರ್ಟಿ' ಎಂದು ಹೆಮ್ಮೆಪಡುವ ಈ ಬಗೆಯ ಮನೆಗಳೇ. ಅವರ ಮಾತು ಪೂರ್ತಿ ನಡೆದಿದ್ದರೆ ನಮಗೆ ಇಲ್ಲಿ ಕೊಳ್ಳಲು ಏನೂ ಇರುತ್ತಿರಲಿಲ್ಲ. ಪೂರ್ತಿ ಸೋತಿದ್ದರೆ ನಾವು ಮೆಚ್ಚಿ ಬಂದ ಹೊಲ, ಕಾಡು ಇರುತ್ತಿರಲಿಲ್ಲ, ಅದೂ ನಿಜ. ಅದೇ ಅಬರ್‌ಕ್ರಾಂಬಿ 1944ರಲ್ಲಿ ಲಂಡನ್ ಮಹಾಯೋಜನೆ ಬರೆದು ನಗರದ ಸುತ್ತ ಹಸಿರು ವರ್ತುಲ (ಗ್ರೀನ್ ಬೆಲ್ಟ್) ಎಳೆದರು. 1938ರಲ್ಲೇ ಒಂದು ಗ್ರೀನ್ ಬೆಲ್ಟ್ ಕಾಯಿದೆ ಬಂದಿತ್ತು, 1947ರ ಪ್ಲಾನಿಂಗ್ ಕಾಯಿದೆ ಕಟ್ಟಡಗಳಿಗೆಲ್ಲ ಅನುಮತಿ ಕಡ್ಡಾಯ ಮಾಡಿತು, 1955ರಲ್ಲಿ ಸಚಿವ ಡಂಕನ್ ಸ್ಯಾಂಡಿಸ್ ಹೊರಡಿಸಿದ ಸುತ್ತೋಲೆ ಗ್ರೀನ್ ಬೆಲ್ಟನ್ನು ಇಡೀ ದೇಶಕ್ಕೆ ಹಬ್ಬಿಸಿತು. ನಮ್ಮ ಬೀದಿಯ ಕೊನೆಯಲ್ಲಿ ಮನೆಗಳ ಸಾಲು ಕತ್ತರಿಸಿದಂತೆ ನಿಂತು ಹೊಲ ಶುರುವಾಗುವುದಕ್ಕೆ ಕಾರಣ ಈ ಕಾಗದಗಳು.

ಗ್ರೀನ್ ಬೆಲ್ಟ್‌ಗೆ ಐದು ಉದ್ದೇಶಗಳನ್ನು ಸರ್ಕಾರ ಬರೆದಿಟ್ಟಿದೆ: ದೊಡ್ಡ ಊರು ಅಡ್ಡಾದಿಡ್ಡಿ ಬೆಳೆಯದಿರುವುದು, ಅಕ್ಕಪಕ್ಕದ ಪಟ್ಟಣಗಳು ಕೂಡಿಕೊಳ್ಳದಿರುವುದು, ಹಳ್ಳಿಗಾಡಿನ ಒತ್ತುವರಿ ತಡೆಯುವುದು, ಐತಿಹಾಸಿಕ ಪಟ್ಟಣಗಳ ಪರಿಸರ ಉಳಿಸುವುದು, ನಗರದೊಳಗಿನ ಹಾಳುಬಿದ್ದ ಜಾಗವನ್ನು ಮೊದಲು ಬಳಸುವಂತೆ ಮಾಡುವುದು. ಚೆಲುವು ಇದರಲ್ಲಿಲ್ಲ. ಚಿಲ್ಟರ್ನ್ ಗುಡ್ಡಗಳ ಚೆಲುವಿಗೆ 1965ರಿಂದ ಬೇರೆಯದೇ ರಕ್ಷಣೆ ಇದೆ, ಅದನ್ನು ಯಾರೂ ಮುಟ್ಟುತ್ತಿಲ್ಲ. 2024ರ ಡಿಸೆಂಬರ್‌ನಲ್ಲಿ ಸರ್ಕಾರ ಹೊಸ ನೀತಿ ತಂದು, ಗ್ರೀನ್ ಬೆಲ್ಟಿನೊಳಗೇ ಇದ್ದು ಆ ಉದ್ದೇಶಗಳಿಗೆ ಅಷ್ಟಾಗಿ ಒದಗದ ಜಾಗಗಳನ್ನು 'ಗ್ರೇ ಬೆಲ್ಟ್' ಎಂದು ಕರೆಯಿತು. ಹಳೆ ಕಾರ್ ಪಾರ್ಕು, ಪಾಳು ಶೆಡ್ಡು, ಕೆಲವೊಮ್ಮೆ ಸ್ಟೇಷನ್ ಪಕ್ಕದ ಹುಲ್ಲುಗಾವಲು. ಈ ಸಂಸತ್ತಿನ ಅವಧಿಯಲ್ಲಿ 15 ಲಕ್ಷ ಮನೆ ಎಂಬುದು ಅವರ ಗುರಿ. ಗ್ರೇ ಬೆಲ್ಟಿನಲ್ಲಿ ದೊಡ್ಡದಾಗಿ ಕಟ್ಟುವವರು ಕಡಿಮೆ ದರದ ಮನೆಗಳನ್ನು ಮಾಮೂಲಿಗಿಂತ ಶೇಕಡಾ 15 ಅಂಶ ಹೆಚ್ಚು ಕೊಡಬೇಕು, ಗರಿಷ್ಠ ಒಟ್ಟು ಮನೆಗಳ ಅರ್ಧದವರೆಗೆ. ಇದೆಲ್ಲ ನಮ್ಮ ನಮೂನೆ ಪತ್ರದಲ್ಲಿ ಒಂದಕ್ಷರ ಇಲ್ಲ.

ನಮ್ಮವರ ಇನ್ನೊಂದು ಭಯಕ್ಕೆ ಮಾತ್ರ ನಾನು ತಲೆಬಾಗುತ್ತೇನೆ. 'ಬೆಂಗಳೂರು ಆಗಿಬಿಡುತ್ತದೆ ಕಣ್ರೀ' ಎನ್ನುತ್ತಾರೆ. ಬೆಂಗಳೂರಿನ ಯೋಜನೆಯಲ್ಲೂ ಹಸಿರು ಪಟ್ಟಿ ಬರೆದಿತ್ತು, ರೆವಿನ್ಯೂ ಲೇಔಟುಗಳು ಅದನ್ನು ಹೇಗೆ ತಿಂದವು ಎಂದು ನೋಡಿದ ಕಣ್ಣು ನಮ್ಮದು. ಆದರೆ ಅಲ್ಲಿ ಕೆಟ್ಟದ್ದು ಮನೆ ಕಟ್ಟಿದ್ದರಿಂದಲೋ, ಅಥವಾ ಒಳಚರಂಡಿ ಇಲ್ಲದೆ, ನೀರಿಲ್ಲದೆ, ರಾಜಕಾಲುವೆ ಮುಚ್ಚಿ ಮನೆ ಕಟ್ಟಿದ್ದರಿಂದಲೋ? ಬೆಳ್ಳಂದೂರು ಕೆರೆ ನೊರೆ ಕಾರಿದ್ದು ಜನ ಹೆಚ್ಚಾಗಿದ್ದಕ್ಕಲ್ಲ, ಅವರ ಕೊಳಚೆ ಶುದ್ಧವಾಗದೆ ಹರಿದದ್ದಕ್ಕೆ.

ಅದೇ ಪ್ರಶ್ನೆಯನ್ನು ಇಲ್ಲಿಗೆ ತನ್ನಿ. ಚೆಸ್ ನದಿ ಚೆಶಮ್ ಹತ್ತಿರ ಹುಟ್ಟಿ ರಿಕ್‌ಮನ್ಸ್‌ವರ್ತ್‌ನಲ್ಲಿ ಕೋಲ್ನ್ ನದಿಯನ್ನು ಸೇರುತ್ತದೆ. ಸುಣ್ಣಕಲ್ಲಿನ ಒಡಲಿಂದ ಒಸರುವ ತಿಳಿನೀರಿನ ಹೊಳೆ ಅದು. ಜಗತ್ತಿನಲ್ಲಿರುವ ಇಂಥ ಹೊಳೆಗಳಲ್ಲಿ ಬಹುಪಾಲು ಇಂಗ್ಲೆಂಡಿನಲ್ಲೇ ಇವೆ. ಜೋರು ಮಳೆ ಬಂದಾಗ ಚೆಶಮ್‌ನ ಶುದ್ಧೀಕರಣ ಘಟಕ ತುಂಬಿ, ಪೂರ್ತಿ ಶುದ್ಧವಾಗದ ನೀರು ಆ ಹೊಳೆಗೇ ಬಿದ್ದಿದೆ. ಹೊಸ ಮನೆಗಳ ಸಂಡಾಸಿನ ನೀರೂ ಎಲ್ಲೋ ಒಂದು ಘಟಕಕ್ಕೆ ಹೋಗಲೇಬೇಕು. 1991ರ ವಾಟರ್ ಇಂಡಸ್ಟ್ರಿ ಕಾಯಿದೆಯ 106ನೇ ಕಲಮಿನ ಪ್ರಕಾರ ಮನೆ ಕಟ್ಟಿದವರಿಗೆ ಸಾರ್ವಜನಿಕ ಒಳಚರಂಡಿಗೆ ಜೋಡಿಸಿಕೊಳ್ಳುವ ಹಕ್ಕಿದೆ. ಚರಂಡಿಗೆ ತಾಕತ್ತಿಲ್ಲ ಎಂದು ನೀರಿನ ಕಂಪನಿ ಬೇಡ ಎನ್ನುವಂತಿಲ್ಲ. 2009ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿದಿದೆ. ಹಾಗಾದರೆ ತಡೆ ಹಾಕಬೇಕಾದ್ದು ಪ್ಲಾನಿಂಗ್ ಅನುಮತಿಯ ಹಂತದಲ್ಲೇ. ಇಲ್ಲಿ 'ಗ್ರಾಂಪಿಯನ್ ಷರತ್ತು' ಎಂದೊಂದಿದೆ. ಇಂಥ ಕೆಲಸ ಮುಗಿಯುವವರೆಗೆ ಒಂದು ಮನೆಗೂ ಜನ ಕಾಲಿಡುವಂತಿಲ್ಲ ಎಂದು ಕೌನ್ಸಿಲ್ ಬರೆಯಬಹುದು. 'ಘಟಕದ ತಾಕತ್ತು ಹೆಚ್ಚಿಸುವವರೆಗೆ ಗೃಹಪ್ರವೇಶವಿಲ್ಲ' ಎಂದು ನಾವು ನೂರು ಜನ ಬರೆದರೆ ಅದು ಅಧಿಕಾರಿ ಉತ್ತರಿಸಲೇಬೇಕಾದ ಮಾತು. 'ನಮ್ಮ ಹಳ್ಳಿ ನಮ್ಮದಾಗಿಯೇ ಇರಲಿ' ಎಂದು ಸಾವಿರ ಜನ ಬರೆದರೂ ಅಲ್ಲ.

ಬರಿಯ 'ಬೇಡ'ಕ್ಕೆ ಇನ್ನೊಂದು ಅಪಾಯವಿದೆ. ಐದು ವರ್ಷಕ್ಕೆ ಸಾಕಾಗುವಷ್ಟು ಮನೆಗಳಿಗೆ ಜಾಗ ತೋರಿಸಲಾಗದ ಕೌನ್ಸಿಲ್ ಅರ್ಜಿ ತಿರಸ್ಕರಿಸಿದರೆ ಬಿಲ್ಡರ್ ಮೇಲ್ಮನವಿ ಹಾಕುತ್ತಾರೆ. ಆಗ ತೀರ್ಮಾನ ಮಾಡುವವರು ಬ್ರಿಸ್ಟಲ್‌ನ ಪ್ಲಾನಿಂಗ್ ಇನ್‌ಸ್ಪೆಕ್ಟೊರೇಟ್ ಕಳಿಸಿದ ಒಬ್ಬರು. ನಮ್ಮ ಕಾಲಡಿಯಲ್ಲೇ ಉದಾಹರಣೆ ಇದೆ. ಎಚ್‌ಎಸ್2 ಹೈಸ್ಪೀಡ್ ರೈಲು ಬೇಡವೇ ಬೇಡ ಎಂದವರು ಅದನ್ನು ತಡೆಯಲಾಗಲಿಲ್ಲ. ಸುರಂಗ ಉದ್ದವಾಗಲಿ ಎಂದು ಪಟ್ಟು ಹಿಡಿದವರಿಗೆ ಸುರಂಗ ಉದ್ದವಾಯಿತು. ಈಗ ಚಿಲ್ಟರ್ನ್ ಗುಡ್ಡಗಳ ಕೆಳಗೆ 16 ಕಿಲೋಮೀಟರ್ ಸುರಂಗವಿದೆ. ರೈಲು ನಮ್ಮೂರಲ್ಲಿ ನಿಲ್ಲುವುದಿಲ್ಲ ಎಂಬುದು ಬೇರೆ ಮಾತು.

ಆ ಮನೆಗಳು ಯಾರಿಗೆ? ನಿಮ್ಮ ಪಕ್ಕದ ಮನೆಯ ಅಜ್ಜಿಗೆ ಬೆಳಿಗ್ಗೆ ಸ್ನಾನ ಮಾಡಿಸಲು ಬರುವ ಕೇರರ್ ಎಲ್ಲಿಂದ ಬರುತ್ತಾರೆ ಎಂದು ಕೇಳಿದ್ದೀರಾ? ನಾನು ಕೇಳಿದೆ. ಎರಡು ಬಸ್ಸು ಬದಲಾಯಿಸಿ ಬರುತ್ತಾರೆ. 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್ ಇತ್ತು. ಆ ದರದಲ್ಲಿ ವಾರಕ್ಕೆ ಮೂವತ್ತೇಳೂವರೆ ಗಂಟೆ ದುಡಿದರೆ ವರ್ಷಕ್ಕೆ 24 ಸಾವಿರದೊಳಗೆ. ಬ್ಯಾಂಕು ಸಂಬಳದ ನಾಲ್ಕೂವರೆ ಪಟ್ಟು ಸಾಲ ಕೊಟ್ಟರೂ ಒಂದು ಲಕ್ಷದ ಏಳು ಸಾವಿರ. ನಮ್ಮೂರಿನಲ್ಲಿ ಅಷ್ಟಕ್ಕೆ ಒಂದು ಕೋಣೆಯ ಫ್ಲ್ಯಾಟಿನ ಬಾಗಿಲೂ ತೆರೆಯುವುದಿಲ್ಲ. ಇಂಗ್ಲೆಂಡಿನಲ್ಲಿ ಸಾಧಾರಣ ಮನೆಯ ಬೆಲೆ 1997ರಲ್ಲಿ ಸಾಧಾರಣ ವಾರ್ಷಿಕ ಸಂಬಳದ ಮೂರೂವರೆ ಪಟ್ಟಿತ್ತು, 2024ಕ್ಕೆ ಏಳೂಮುಕ್ಕಾಲು ಪಟ್ಟಿನ ಹತ್ತಿರ ಬಂದಿದೆ. ಚಾಲೋನರ್ಸ್‌ನಲ್ಲಿ ಓದಿದ ನಮ್ಮ ಮಕ್ಕಳೇ ಮೂವತ್ತು ದಾಟಿದರೂ ನಮ್ಮ ಮಹಡಿಯ ಕೋಣೆ ಬಿಟ್ಟು ಹೋಗಲಾರರು. ಬಿಲ್ಡರುಗಳು ಹೇಳುವ 'ಅಫೋರ್ಡಬಲ್' ಮನೆಯ ಬಾಡಿಗೆ ಮಾರುಕಟ್ಟೆ ದರದ ಶೇಕಡಾ 80ರವರೆಗೂ ಇರಬಹುದು, ಅದು ಆ ಕೇರರ್‌ಗೆ ಎಟುಕದು ಎಂಬುದೂ ನನಗೆ ಗೊತ್ತು. ಹಾಗಾದರೆ ನಿಜವಾದ ಕೌನ್ಸಿಲ್ ಬಾಡಿಗೆಯ ಮನೆಗಳೆಷ್ಟು ಎಂದು ಅರ್ಜಿದಾರರನ್ನು ಕೇಳಬೇಕಾದವರು ನಾವೇ. ಈವರೆಗೆ ಯಾರೂ ಕೇಳಿದಂತಿಲ್ಲ.

ನಮ್ಮ ಗ್ರಾಮ ಪಂಚಾಯ್ತಿಯಂತೆ ಊರಮಟ್ಟದಲ್ಲಿರುವ ಪ್ಯಾರಿಷ್ ಕೌನ್ಸಿಲ್ ಬಗ್ಗೆಯೂ ಒಂದು ಮಾತು. ಪ್ಲಾನಿಂಗ್ ಅರ್ಜಿಯ ಮೇಲೆ ಅದು ಅಭಿಪ್ರಾಯ ಹೇಳಬಹುದೇ ಹೊರತು ತೀರ್ಮಾನ ಮಾಡುವಂತಿಲ್ಲ. ಆದರೆ 2011ರ ಲೋಕಲಿಸಂ ಕಾಯಿದೆ ಅದಕ್ಕೆ ಬೇರೊಂದು ಬಲ ಕೊಟ್ಟಿದೆ: ನೆರೆಹೊರೆ ಯೋಜನೆ. ಮುಂದೆ ಬರುವ ಮನೆಗಳು ಎಲ್ಲಿ ಬರಬೇಕು, ಹೇಗಿರಬೇಕು, ಯಾವ ಹೊಲ ಬಿಡಬೇಕು ಎಂದು ಊರವರೇ ಬರೆದು, ಜನಮತಕ್ಕಿಟ್ಟು ಗೆದ್ದರೆ ಅದು ಅಧಿಕೃತ ಯೋಜನೆಯ ಭಾಗ. ಮೇಲಿನ ಕೌನ್ಸಿಲ್ ಗೊತ್ತುಮಾಡಿದ ಸಂಖ್ಯೆಗಿಂತ ಕಡಿಮೆ ಎನ್ನುವಂತಿಲ್ಲ, ಜಾಗ ಆರಿಸಬಹುದು. ಇಂಥ ಯೋಜನೆ ಇರುವ ಪ್ಯಾರಿಷ್‌ಗೆ ಬಿಲ್ಡರ್ ಕಟ್ಟುವ ಮೂಲಸೌಕರ್ಯ ಶುಲ್ಕದಲ್ಲಿ ಶೇಕಡಾ 25 ಸಿಗುತ್ತದೆ, ಇಲ್ಲದಿದ್ದರೆ 15, ಅದಕ್ಕೂ ಮಿತಿಯುಂಟು. ಆಟದ ಮೈದಾನವೋ, ಬಸ್ ತಂಗುದಾಣವೋ, ನಮ್ಮ ಯುಗಾದಿಗೂ ಒದಗುವ ಒಂದು ಸಮುದಾಯ ಭವನವೋ ಆ ದುಡ್ಡಿನಿಂದ ಆಗಬಹುದು.

ಇದಕ್ಕೆ ಬ್ರಿಟಿಷ್ ಪಾಸ್‌ಪೋರ್ಟ್ ಬೇಕು ಎಂದು ನಮ್ಮಲ್ಲಿ ಅನೇಕರು ಅಂದುಕೊಂಡಿದ್ದಾರೆ. ಬೇಡ. ಕಾಮನ್‌ವೆಲ್ತ್ ದೇಶದವರಾದ ನಾವು, ಇಲ್ಲಿರಲು ಅನುಮತಿಯಿದ್ದರೆ ಸಾಕು, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಪಾರ್ಲಿಮೆಂಟಿನಿಂದ ಪ್ಯಾರಿಷ್‌ವರೆಗೆ ಎಲ್ಲ ಚುನಾವಣೆಯಲ್ಲೂ ಮತ ಹಾಕಬಹುದು. ಶಾಶ್ವತ ವಾಸದ ಪರವಾನಗಿ ಇದ್ದವರು ಪ್ಯಾರಿಷ್ ಕೌನ್ಸಿಲ್‌ಗೆ ನಿಲ್ಲಲೂಬಹುದು. ಅಲ್ಲಿ ಕುರ್ಚಿಗಳು ಖಾಲಿ ಬಿದ್ದು, ಸ್ಪರ್ಧೆಯೇ ಇಲ್ಲದೆ ಆಯ್ಕೆಯಾಗುವುದು ಸಾಮಾನ್ಯ. ಊರಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ ಎಂದರೆ ತಿಂಗಳುಗಟ್ಟಲೆ ನಿದ್ದೆಗೆಡುವ ಜನ ನಾವು, ಇಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಿದ್ದೇವೆಯೇ ಎಂದೂ ನೋಡಿರುವುದಿಲ್ಲ.

ನೋಟಿಸ್ ಹಚ್ಚಿದಂದಿನಿಂದ 21 ದಿನ ಅಭಿಪ್ರಾಯ ಕಳಿಸಲು ಅವಕಾಶ. 'ಡನ್' ಎಂದವರೂ ಅಷ್ಟರೊಳಗೆ ಇನ್ನೊಂದು ಪತ್ರ ಕಳಿಸಬಹುದು, ಮೊದಲಿನದನ್ನು ಹಿಂತೆಗೆದುಕೊಳ್ಳಬಹುದು. ನಾನು ಬರೆದಿರುವುದು ಆಕ್ಷೇಪಣೆಯೂ ಅಲ್ಲ, ಬೆಂಬಲವೂ ಅಲ್ಲ. ಮೂರು ಷರತ್ತು ಕೇಳಿದ್ದೇನೆ: ಒಳಚರಂಡಿ ಘಟಕದ ತಾಕತ್ತು ಹೆಚ್ಚಿಸುವವರೆಗೆ ವಾಸ್ತವ್ಯ ಬೇಡ, ಕಡಿಮೆ ದರದ ಮನೆಗಳಲ್ಲಿ ಕನಿಷ್ಠ ಅರ್ಧ ಕೌನ್ಸಿಲ್ ಬಾಡಿಗೆಗೆ ಇರಲಿ, ಜಿಪಿ ಡಾಕ್ಟರ ಕ್ಲಿನಿಕ್ ವಿಸ್ತರಣೆಗೆ ಬಿಲ್ಡರ್ ಕೊಡುವ ದುಡ್ಡು ಮೊದಲ ಹಂತದಲ್ಲೇ ಬರಲಿ. ಕೌನ್ಸಿಲ್‌ನ ಜಾಲತಾಣದಲ್ಲಿ ಈ ಅರ್ಜಿಯ ಪುಟ ತೆರೆದರೆ ಪತ್ರ ಸಿಗುತ್ತದೆ. ನಾಲ್ಕನೆಯ ಷರತ್ತು ಹೊಳೆದವರು ನನಗೆ ತಿಳಿಸಿ, ತಿದ್ದಿ ಕಳಿಸಲು ಇನ್ನೂ ಸಮಯವಿದೆ. ಪ್ಯಾರಿಷ್ ಕೌನ್ಸಿಲ್‌ನ ಮುಂದಿನ ಸಭೆಗೆ ನಾನು ಹೋಗುತ್ತಿದ್ದೇನೆ, ಬರುವವರಿದ್ದರೆ ಕಾರಿನಲ್ಲಿ ಮೂರು ಸೀಟು ಖಾಲಿ ಇವೆ.

ಇಂತು ನಿಮ್ಮವ,
ಎಂಟನೇ ವಲಯದ ಒಬ್ಬ ಕನ್ನಡಿಗ